ಹಳೆಯ ಟರ್ಬೊ ಕಾರಿಗೆ ಮ್ಯಾನುವಲ್ ಬೂಸ್ಟ್ ಕಂಟ್ರೋಲರ್: ಆಯ್ಕೆ, ಜೋಡಣೆ ಮತ್ತು ಮಿತಿ

ಪ್ರಶ್ನೆ: ನಾನು ಮೂಲತಃ ಹುಬ್ಬಳ್ಳಿಯವನು, ಕೆಲಸದ ನಿಮಿತ್ತ ಪುಣೆಯ ನಿಗಡಿಯಲ್ಲಿ ನೆಲೆಸಿದ್ದೇನೆ. ನನ್ನ ಬಳಿ 2005ರ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ 1.8 ಟರ್ಬೊ ಪೆಟ್ರೋಲ್ ಕಾರಿದೆ. ಈಚೆಗೆ ಮೊದಲಿನ ಎಳೆತ ಉಳಿದಿಲ್ಲ. ಮ್ಯಾನುವಲ್ ಬೂಸ್ಟ್ ಕಂಟ್ರೋಲರ್ ಹಾಕುವುದು ಅರ್ಧ ಗಂಟೆಯ ಕೆಲಸ, ಹಾಕಿದ ಮೇಲೆ ಕಾರು ಹಾರುತ್ತದೆ ಎಂದು ಚಿಂಚವಡದ ಗ್ಯಾರೇಜಿನವರು ಹೇಳುತ್ತಾರೆ. ಬ್ಲೀಡ್ ಬಗೆಯದು ಒಳ್ಳೆಯದೋ, ಗುಂಡು-ಸ್ಪ್ರಿಂಗ್ ಬಗೆಯದೋ? ಎಲ್ಲಿ ಜೋಡಿಸಬೇಕು, ಎಷ್ಟರವರೆಗೆ ತಿರುಗಿಸಬಹುದು? ದೀಪಾವಳಿಗೆ ಗೋವಾಕ್ಕೆ ಹೋಗುವ ಯೋಚನೆಯಿದೆ. ತಮ್ಮನ ಸ್ವಿಫ್ಟ್ ಡೀಸೆಲ್ ಕಾರಿಗೂ ಇದನ್ನೇ ಹಾಕಬಹುದೇ?

ಉತ್ತರ: ಟರ್ಬೊ ಎಂಜಿನ್ನಿಗೆ ಒತ್ತಿ ತುಂಬುವ ಗಾಳಿಯ ಹೆಚ್ಚುವರಿ ಒತ್ತಡವೇ ಬೂಸ್ಟ್; ಅದನ್ನು ಕೈಯಿಂದ ಸ್ಕ್ರೂ ತಿರುಗಿಸಿ ಏರಿಸುವ ಸಣ್ಣ ಕವಾಟವೇ ಮ್ಯಾನುವಲ್ ಬೂಸ್ಟ್ ಕಂಟ್ರೋಲರ್. ನಿಮ್ಮ ಕಾರಿಗೆ ಇದನ್ನು ಜೋಡಿಸಲು ಬರುತ್ತದೆ, ಜೋಡಿಸುವುದೇ ಆದರೆ ಗುಂಡು-ಸ್ಪ್ರಿಂಗ್ ಬಗೆಯದೇ ಸರಿ. ಆದರೆ ನಿಮ್ಮ ಪತ್ರದಲ್ಲಿ ಎರಡು ಬೇರೆ ಬೇರೆ ವಿಷಯಗಳು ಒಂದರೊಳಗೊಂದು ಸೇರಿಕೊಂಡಿವೆ. ಮೊದಲಿದ್ದ ಎಳೆತ ಈಗಿಲ್ಲ ಎಂಬುದು ದುರಸ್ತಿಗೆ ಸಂಬಂಧಿಸಿದ ಮಾತು; ಕಾರ್ಖಾನೆ ಕೊಟ್ಟದ್ದಕ್ಕಿಂತ ಹೆಚ್ಚು ಬೂಸ್ಟ್ ಬೇಕು ಎಂಬುದು ಮಾರ್ಪಾಡಿಗೆ ಸಂಬಂಧಿಸಿದ ಮಾತು. ಸೋರುತ್ತಿರುವ ವ್ಯವಸ್ಥೆಗೆ ಬೂಸ್ಟ್ ಕಂಟ್ರೋಲರ್ ಹಾಕಿದರೆ ಎಳೆತ ಸ್ವಲ್ಪ ಮರಳಿದಂತೆ ಕಾಣುವುದು ನಿಜ. ಆದರೆ ಸೋರಿದ ಗಾಳಿಯನ್ನು ತುಂಬಿಕೊಡಲು ಟರ್ಬೊ ಮೊದಲಿಗಿಂತ ವೇಗವಾಗಿ ತಿರುಗಬೇಕಾಗುತ್ತದೆ, ಮತ್ತು ಇಪ್ಪತ್ತು ವರ್ಷ ದಾಟಿದ ಟರ್ಬೊದ ಬೇರಿಂಗ್‌ಗಳಿಂದ ಕೇಳಬಾರದ ಕೆಲಸವೆಂದರೆ ಅದೇ.

ಆದ್ದರಿಂದ ಸಾಧನವನ್ನು ಕೊಳ್ಳುವ ಮುನ್ನ ಕಾರು ಈಗ ಎಷ್ಟು ಬೂಸ್ಟ್ ಮಾಡುತ್ತಿದೆ ಎಂಬುದನ್ನು ಅಳೆಯಬೇಕು. ಈ ಎಂಜಿನ್ ಕಾರ್ಖಾನೆಯಿಂದ ಬಂದಾಗ 150 ಅಶ್ವಶಕ್ತಿ ಮತ್ತು 210 ನ್ಯೂಟನ್ ಮೀಟರ್ ಟಾರ್ಕ್ ಕೊಡುತ್ತಿತ್ತು. ಅದಕ್ಕೆ ಬೇಕಾದ ಬೂಸ್ಟ್ ಅರ್ಧ ಬಾರ್‌ಗಿಂತ ತುಸು ಮೇಲೆ, ಅಂದರೆ 7ರಿಂದ 9 ಪಿಎಸ್‌ಐ ಆಸುಪಾಸು. ಫೋಕ್ಸ್‌ವ್ಯಾಗನ್ ಗುಂಪಿನ ಕಾರುಗಳನ್ನು ಓದುವ ವಿಸಿಡಿಎಸ್ ಸಾಫ್ಟ್‌ವೇರ್ ಇರುವ ಗ್ಯಾರೇಜು ಪುಣೆಯಲ್ಲಿ ಸಿಗುವುದು ಕಷ್ಟವಲ್ಲ. ಅದರಲ್ಲಿ 115ನೆಯ ಮಾಪನ ಗುಂಪನ್ನು ತೆರೆದರೆ ಇಸಿಯು, ಅಂದರೆ ಎಂಜಿನ್ನನ್ನು ಆಳುವ ಕಂಪ್ಯೂಟರ್, ಕೇಳುತ್ತಿರುವ ಒತ್ತಡ ಮತ್ತು ನಿಜವಾಗಿ ಬರುತ್ತಿರುವ ಒತ್ತಡ ಎರಡೂ ಮಿಲಿಬಾರ್‌ನಲ್ಲಿ ಅಕ್ಕಪಕ್ಕ ಕಾಣಿಸುತ್ತವೆ. ಇವು ಗೇಜಿನ ಅಂಕಿಗಳಲ್ಲ, ವಾತಾವರಣದ ಒತ್ತಡವೂ ಸೇರಿದ ನಿರಪೇಕ್ಷ ಅಂಕಿಗಳು. ಎಂಜಿನ್ ಚಾಲೂ ಮಾಡದೆ ಕೀಲಿ ಮಾತ್ರ ತಿರುಗಿಸಿ ನೋಡಿದರೆ ಪುಣೆಯಲ್ಲಿ 950ರ ಹತ್ತಿರ ತೋರಿಸಬೇಕು. ಹಾಗೆ ತೋರಿಸದಿದ್ದರೆ ಸಂವೇದಕವೇ ಕೆಟ್ಟಿದೆಯೆಂದು ತಿಳಿಯಿರಿ. ಮುಂದಿನ ಯಾವ ಅಂಕಿಯನ್ನೂ ನಂಬಬೇಡಿ.

ಕೇಳಿದ ಒತ್ತಡ 1500, ಬಂದದ್ದು 1250 ಎಂಬಂತೆ ಅಂತರವಿದ್ದು, 17705ರಂಥ ದೋಷಸಂಖ್ಯೆ, ಅಂದರೆ ಟರ್ಬೊ ಮತ್ತು ಥ್ರಾಟಲ್ (ಎಂಜಿನ್ನಿಗೆ ಗಾಳಿ ಬಿಡುವ ಕವಾಟ) ನಡುವೆ ಒತ್ತಡ ಇಳಿದಿದೆ ಎಂಬ ಸೂಚನೆ, ಕೂತಿದ್ದರೆ ಎಲ್ಲೋ ಗಾಳಿ ಸೋರುತ್ತಿದೆ. ಈ ಕಾರಿನಲ್ಲಿ ಮೊದಲು ಅನುಮಾನಿಸಬೇಕಾದದ್ದು ಡೈವರ್ಟರ್ ವಾಲ್ವ್, ಅಂದರೆ ಆಕ್ಸಿಲರೇಟರ್ ಬಿಟ್ಟಾಗ ಒತ್ತಿದ ಗಾಳಿಯನ್ನು ಹಿಂದಕ್ಕೆ ಬಿಡುವ ಕವಾಟ: ಅದರೊಳಗಿನ ರಬ್ಬರ್ ಪೊರೆ ಹರಿದರೆ ಒತ್ತಿದ ಗಾಳಿ ಮತ್ತೆ ಟರ್ಬೊದ ಬಾಯಿಗೇ ಮರಳುತ್ತದೆ, ಹೊರಗೆ ಯಾವ ಸದ್ದೂ ಕೇಳಿಸದು. ಆ ಬಳಿಕ ಒತ್ತಿದ ಗಾಳಿಯನ್ನು ತಣಿಸುವ ಇಂಟರ್‌ಕೂಲರ್‌ನ ರಬ್ಬರ್ ಜೋಡಣೆಗಳು, ಇನ್‌ಟೇಕ್ ಮ್ಯಾನಿಫೋಲ್ಡಿನ ಕೆಳಗೆ ಅಡಗಿರುವ ಕ್ರ್ಯಾಂಕ್‌ಕೇಸ್ ಗಾಳಿಯ ಹೋಸ್‌ಗಳು, ವೇಸ್ಟ್‌ಗೇಟ್‌ಗೆ ಹೋಗುವ ಸಣ್ಣ ಹೋಸ್. ಬಿಸಿಲು ಮತ್ತು ಎಂಜಿನ್ನಿನ ಶಾಖ ಸೇರಿ ಈ ರಬ್ಬರುಗಳನ್ನು ಹಪ್ಪಳದಂತೆ ಮಾಡಿರುತ್ತವೆ. ಹೊಗೆ ಹಾಯಿಸಿ ಸೋರಿಕೆ ಹುಡುಕುವ ಯಂತ್ರವಿರುವಲ್ಲಿ ಒಮ್ಮೆ ಪರೀಕ್ಷೆ ಮಾಡಿಸಿ. ಅನೇಕರಿಗೆ ಇಲ್ಲಿಗೇ ಕೆಲಸ ಮುಗಿದುಹೋಗುತ್ತದೆ. ಕಳೆದುಹೋದ ಎಳೆತ ಮರಳಿ ಬಂದ ಮೇಲೆ ಬೂಸ್ಟ್ ಕಂಟ್ರೋಲರಿನ ಮಾತನ್ನೇ ಬಿಡುತ್ತಾರೆ.

ಇನ್ನು ಸಾಧನದ ವಿಷಯ. ಟರ್ಬೊದಲ್ಲಿ ಎಂಜಿನ್ನಿನ ಬಿಸಿ ಅನಿಲದಿಂದ ತಿರುಗುವ ಟರ್ಬೈನ್, ಅದರೊಡನೆ ತಿರುಗಿ ಗಾಳಿಯನ್ನು ಒತ್ತುವ ಕಂಪ್ರೆಸರ್ ಇರುತ್ತವೆ. ಟರ್ಬೈನಿನ ಪಕ್ಕದಲ್ಲಿ ವೇಸ್ಟ್‌ಗೇಟ್ ಎಂಬ ಸಣ್ಣ ಬಾಗಿಲಿರುತ್ತದೆ. ಅದು ತೆರೆದಷ್ಟೂ ಎಂಜಿನ್ನಿನಿಂದ ಹೊರಬೀಳುವ ಬಿಸಿ ಅನಿಲ ಟರ್ಬೈನನ್ನು ತಿರುಗಿಸದೆ ಪಕ್ಕದಿಂದ ಸೈಲೆನ್ಸರಿನತ್ತ ಹೋಗುತ್ತದೆ, ಬೂಸ್ಟ್ ಅಲ್ಲಿಗೆ ನಿಲ್ಲುತ್ತದೆ. ಆ ಬಾಗಿಲನ್ನು ತೆರೆಯುವುದು ಆಕ್ಚುಯೇಟರ್ ಎಂಬ ಡಬ್ಬಿ. ಅದರೊಳಗೆ ಒಂದು ಪೊರೆ, ಪೊರೆಯ ಹಿಂದೆ ಒಂದು ಸ್ಪ್ರಿಂಗ್. ಕಂಪ್ರೆಸರಿನಿಂದ ಒಂದು ಸಣ್ಣ ಹೋಸ್ ಮೂಲಕ ಬರುವ ಒತ್ತಡ ಸ್ಪ್ರಿಂಗಿನ ಬಲವನ್ನು ಮೀರಿದಾಗ ಸರಳು ಮುಂದೆ ಸರಿದು ಬಾಗಿಲು ತೆರೆಯುತ್ತದೆ. ಮ್ಯಾನುವಲ್ ಬೂಸ್ಟ್ ಕಂಟ್ರೋಲರ್ ಕೂರುವುದು ಈ ಸಣ್ಣ ಹೋಸಿನ ನಡುವೆ, ಮತ್ತು ಅದು ಮಾಡುವ ಕೆಲಸ ಒಂದೇ: ಆಕ್ಚುಯೇಟರಿಗೆ ನಿಜವಾದ ಒತ್ತಡ ತಿಳಿಯದಂತೆ, ಅಥವಾ ತಡವಾಗಿ ತಿಳಿಯುವಂತೆ ಮಾಡುವುದು. ಅದು ಇಂಧನ ಸೇರಿಸುವುದಿಲ್ಲ, ಕಿಡಿಯ ಸಮಯ ಬದಲಿಸುವುದಿಲ್ಲ, ಗಾಳಿಯನ್ನು ತಣಿಸುವುದಿಲ್ಲ. ಹಾಗೆಯೇ ಆಕ್ಚುಯೇಟರ್ ಸ್ಪ್ರಿಂಗಿನ ಸ್ವಂತ ಒತ್ತಡಕ್ಕಿಂತ ಕೆಳಗೆ ಬೂಸ್ಟನ್ನು ಇಳಿಸಲೂ ಅದರಿಂದ ಆಗದು.

ಬ್ಲೀಡ್ ಬಗೆಯದು ಆ ಹೋಸಿನಿಂದ ಸ್ವಲ್ಪ ಗಾಳಿಯನ್ನು ಹೊರಗೆ ಬಿಡುವ ಸೂಜಿ ಕವಾಟ. ಅದರ ಹಿಂದೆ, ಅಂದರೆ ಕಂಪ್ರೆಸರ್ ಬದಿಯಲ್ಲಿ, ಕಿರಿದಾದ ರಂಧ್ರವೊಂದು ಇರಲೇಬೇಕು. ಇಲ್ಲದಿದ್ದರೆ ಬಿಟ್ಟ ಗಾಳಿಯಷ್ಟೇ ಗಾಳಿ ಮತ್ತೆ ಬಂದು ತುಂಬಿ ಕವಾಟ ತಿರುಗಿಸಿದರೂ ಏನೂ ಆಗುವುದಿಲ್ಲ. ಇದರ ದೊಡ್ಡ ದೋಷವೆಂದರೆ ಸೋರಿಕೆಯಲ್ಲಿ ಸ್ವಲ್ಪ ಕಳೆದರೂ ಒತ್ತಡದ ಸುದ್ದಿ ಆಕ್ಚುಯೇಟರಿಗೆ ಮೊದಲಿನಿಂದಲೇ ಮುಟ್ಟುತ್ತಿರುವುದರಿಂದ ವೇಸ್ಟ್‌ಗೇಟ್ ಬೇಗನೆ ಸ್ವಲ್ಪ ಸ್ವಲ್ಪವೇ ತೆರೆಯತೊಡಗುತ್ತದೆ, ಬೂಸ್ಟ್ ಏರುವುದು ನಿಧಾನವಾಗುತ್ತದೆ. ನಿಮ್ಮ ಕಾರಿಗೆ ಇನ್ನೊಂದು ತೊಡಕೂ ಇದೆ: ಏರ್ ಫಿಲ್ಟರಿನ ಬಳಿಯ ಮಾಸ್ ಏರ್‌ಫ್ಲೋ ಸಂವೇದಕ ಈಗಾಗಲೇ ಲೆಕ್ಕ ಹಾಕಿರುವ ಗಾಳಿಯನ್ನು ಇದು ಹೊರಗೆ ಚೆಲ್ಲುತ್ತದೆ. ಪ್ರಮಾಣ ಸಣ್ಣದು, ಆದರೂ ಆ ಗಾಳಿಯನ್ನು ಸಂವೇದಕ ಮತ್ತು ಟರ್ಬೊ ನಡುವಿನ ಪೈಪಿಗೆ ಮರಳಿಸುವುದು ಕ್ರಮ.

ಗುಂಡು-ಸ್ಪ್ರಿಂಗ್ ಬಗೆಯದರಲ್ಲಿ ಸಣ್ಣ ಲೋಹದ ಅಥವಾ ಸೆರಾಮಿಕ್ ಗುಂಡೊಂದನ್ನು ಸ್ಪ್ರಿಂಗ್ ರಂಧ್ರದ ಬಾಯಿಗೆ ಒತ್ತಿ ಹಿಡಿದಿರುತ್ತದೆ. ಸ್ಕ್ರೂ ತಿರುಗಿಸಿ ಹೊಂದಿಸಿದ ಒತ್ತಡ ಬರುವವರೆಗೂ ಆಕ್ಚುಯೇಟರಿಗೆ ಏನೂ ತಲುಪುವುದಿಲ್ಲ; ಅದು ಬಂದೊಡನೆ ಗುಂಡು ಸರಿದು ಒತ್ತಡ ಒಮ್ಮೆಲೇ ಹಾಯುತ್ತದೆ. ಅಲ್ಲಿಯವರೆಗೆ ವೇಸ್ಟ್‌ಗೇಟ್ ಬಿಗಿಯಾಗಿ ಮುಚ್ಚಿರುವುದರಿಂದ ಬೂಸ್ಟ್ ಬೇಗ ಕಟ್ಟಿಕೊಳ್ಳುತ್ತದೆ. ಕಾರಿನಲ್ಲಿ ಕೂತವರಿಗೆ ವ್ಯತ್ಯಾಸ ಗೊತ್ತಾಗುವುದು ಗರಿಷ್ಠ ಬೂಸ್ಟಿನಲ್ಲಿ ಅಲ್ಲ, ಇಲ್ಲಿ. ಕೊಳ್ಳುವಾಗ ನೋಡಲೇಬೇಕಾದದ್ದು ಆಕ್ಚುಯೇಟರ್ ಬದಿಯ ತುಂಡಿನಲ್ಲಿ ಒಂದು ಮಿಲಿಮೀಟರಿಗೂ ಕಿರಿದಾದ ತೂತು ಇದೆಯೇ ಎಂಬುದನ್ನು. ಆಕ್ಸಿಲರೇಟರಿನಿಂದ ಕಾಲು ತೆಗೆದ ಮೇಲೆ ಗುಂಡು ಮತ್ತೆ ಬಾಯಿ ಮುಚ್ಚುತ್ತದೆ. ಆಗ ಗುಂಡಿಗೂ ಆಕ್ಚುಯೇಟರಿಗೂ ನಡುವೆ ಸಿಕ್ಕಿಬಿದ್ದ ಒತ್ತಡ ಹೊರಹೋಗಲು ಇರುವ ದಾರಿ ಆ ತೂತೊಂದೇ. ಅದಿಲ್ಲದಿದ್ದರೆ ವೇಸ್ಟ್‌ಗೇಟ್ ಅರ್ಧ ತೆರೆದೇ ಉಳಿದು ಮುಂದಿನ ಗೇರಿನಲ್ಲಿ ಬೂಸ್ಟ್ ಬರುವುದೇ ಇಲ್ಲ. ಆನ್‌ಲೈನ್‌ನಲ್ಲಿ ಕೆಲವು ನೂರು ರೂಪಾಯಿಗೆ ಸಿಗುವ ಹೊಳೆಯುವ ತುಂಡುಗಳಲ್ಲಿ ಈ ತೂತನ್ನು ಕೊರೆಯದೆಯೇ ಬಿಟ್ಟವೂ ಇರುತ್ತವೆ. ಬಣ್ಣ, ಹಿಡಿಕೆ, ಅದರ ಮೇಲಿನ ಅಂಕಿಗಳು ಯಾವುವೂ ಮುಖ್ಯವಲ್ಲ. ಹಿತ್ತಾಳೆ ಅಥವಾ ಅಲ್ಯೂಮಿನಿಯಂ ಮೈ, ತುಕ್ಕು ಹಿಡಿಯದ ಗುಂಡು, ಬಿಗಿಯಾದ ಲಾಕ್‌ನಟ್, ಬಾಣದ ಗುರುತು, ಆ ತೂತು, ಇಷ್ಟಿದ್ದರೆ ಸಾಕು. ಡ್ಯಾಶ್‌ಬೋರ್ಡಿನಲ್ಲಿ ಕೂರಿಸಿ ಚಲಿಸುವಾಗಲೇ ತಿರುಗಿಸುವ ಬಗೆಯವನ್ನು ನಾನು ಯಾರಿಗೂ ಶಿಫಾರಸು ಮಾಡುವುದಿಲ್ಲ. ಉದ್ದದ ಹೋಸಿನಿಂದ ಆಕ್ಚುಯೇಟರಿನ ಪ್ರತಿಕ್ರಿಯೆ ತಡವಾಗುತ್ತದೆ, ಜೋಡಣೆಗಳು ಹೆಚ್ಚುತ್ತವೆ, ಎಲ್ಲಕ್ಕಿಂತ ಮಿಗಿಲಾಗಿ ಕೈ ಸುಮ್ಮನಿರುವುದಿಲ್ಲ.

ಈಗ ನಿಮ್ಮ ಕಾರಿನ ಇಸಿಯು ಏನೆನ್ನುತ್ತದೆ ಎಂಬುದು. ಇದರಲ್ಲಿ ಎನ್ 75 ಎಂಬ ಮೂರು ಬಾಯಿಯ ವಿದ್ಯುತ್ ಕವಾಟವಿದೆ: ಒಂದು ಬಾಯಿಗೆ ಕಂಪ್ರೆಸರಿನ ಒತ್ತಡ, ಒಂದರಿಂದ ಆಕ್ಚುಯೇಟರಿಗೆ, ಮೂರನೆಯದರಿಂದ ಟರ್ಬೊ ಮುಂದಿನ ಪೈಪಿಗೆ. ಇಸಿಯು ಅದನ್ನು ಕ್ಷಣಕ್ಷಣಕ್ಕೂ ತೆರೆದು ಮುಚ್ಚಿ ಬೂಸ್ಟನ್ನು ಆಳುತ್ತದೆ. ಅಂದರೆ ನಿಮ್ಮ ಕಾರಿನಲ್ಲಿ ಬೂಸ್ಟ್ ಕಂಟ್ರೋಲರ್ ಈಗಾಗಲೇ ಇದೆ, ಅದೂ ಬುದ್ಧಿಯಿರುವಂಥದ್ದು. ಚಿಕ್ಕ ಟರ್ಬೊ ಹೆಚ್ಚಿನ ಆರ್‌ಪಿಎಂನಲ್ಲಿ ಏದುಸಿರು ಬಿಡುವುದು ಗೊತ್ತಿದ್ದೇ ಕಾರ್ಖಾನೆಯವರು ನಡುವಿನ ಆರ್‌ಪಿಎಂನಲ್ಲಿ ಹೆಚ್ಚು ಒತ್ತಡ ಕೇಳಿ ಕೆಂಪು ಗೆರೆಯ ಕಡೆಗೆ ಅದನ್ನು ಇಳಿಸುತ್ತ ಬಂದಿದ್ದಾರೆ. ಮ್ಯಾನುವಲ್ ಸಾಧನಕ್ಕೆ ಆರ್‌ಪಿಎಂ ಗೊತ್ತಿಲ್ಲ. ಅದು 3000ದಲ್ಲಿ ಹಿಡಿದ ಒತ್ತಡವನ್ನೇ 6000ದಲ್ಲೂ ಹಿಡಿಯಲು ಹೋಗುತ್ತದೆ. ನಿಮ್ಮ ಕಾರಿನ ಕೆ03 ಗಾತ್ರದ ಟರ್ಬೊ ಅಲ್ಲಿ ತನ್ನ ದಕ್ಷತೆಯ ವಲಯವನ್ನು ದಾಟಿರುತ್ತದೆ, ಗಾಳಿಗಿಂತ ಶಾಖವನ್ನೇ ಹೆಚ್ಚು ಕೊಡುತ್ತದೆ.

ಅದರ ಮೇಲೆ, ಕೇಳಿದ್ದಕ್ಕಿಂತ ಹೆಚ್ಚು ಒತ್ತಡ ಬರುತ್ತಿದೆ ಎಂದು ಸಂವೇದಕ ತಿಳಿಸಿದೊಡನೆ ಇಸಿಯು ಎನ್ 75 ಮೂಲಕ ಬೂಸ್ಟ್ ಇಳಿಸಲು ಯತ್ನಿಸುತ್ತದೆ. ಆ ಹೋಸ್ ನಿಮ್ಮ ಸಾಧನದ ಕೈಯಲ್ಲಿರುವುದರಿಂದ ಏನೂ ಆಗದಾಗ ಥ್ರಾಟಲನ್ನೇ ಮುಚ್ಚುತ್ತದೆ, 17963 ಅಥವಾ 17965ರಂಥ ದೋಷಸಂಖ್ಯೆ ಬರೆದುಕೊಂಡು ಕಾರನ್ನು ಲಿಂಪ್ ಮೋಡಿಗೆ, ಅಂದರೆ ಶಕ್ತಿ ಕಡಿತಗೊಳಿಸಿದ ರಕ್ಷಣಾ ಸ್ಥಿತಿಗೆ, ಇಳಿಸುತ್ತದೆ. ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಕಾರು ಮುಗ್ಗರಿಸಿದಂತೆ ಆಗುತ್ತದೆಂದು ದೂರುವ ಅನೇಕರ ಕಾರಿನಲ್ಲಿ ನಡೆಯುತ್ತಿರುವುದು ಇದೇ. ಆದ್ದರಿಂದ ಇಸಿಯು ರೀಮ್ಯಾಪ್ (ಅದರ ಸಾಫ್ಟ್‌ವೇರ್ ಬದಲಿಸುವುದು) ಇಲ್ಲದೆ, 115ನೆಯ ಗುಂಪಿನಲ್ಲಿ ಕಾಣುವ ಬೇಡಿಕೆಗಿಂತ 0.1ರಿಂದ 0.15 ಬಾರ್‌ನಷ್ಟು ಮಾತ್ರ ಮೇಲೆ ಹೋಗಬೇಕೆಂಬುದು ನನ್ನ ಅಭಿಪ್ರಾಯ. ಗೇಜಿನಲ್ಲಿ ಇದು ಹೆಚ್ಚೆಂದರೆ 0.7 ಬಾರ್. ಲಾಭವನ್ನೂ ಲೆಕ್ಕ ಹಾಕಿಬಿಡಿ: ನಿರಪೇಕ್ಷ ಒತ್ತಡ 1.5ರಿಂದ 1.65 ಬಾರ್‌ಗೆ ಏರಿದರೆ ಗಾಳಿ ಹತ್ತು ಪ್ರತಿಶತ ಹೆಚ್ಚುತ್ತದೆ. ಬಿಸಿಯಾಗುವುದರಿಂದ ಅದರಲ್ಲಿ ಒಂದಿಷ್ಟು ಹೋಗುತ್ತದೆ, ಇಸಿಯು ಕಿಡಿಯನ್ನು ಹಿಂದಕ್ಕೆ ಸರಿಸಿದರೆ ಇನ್ನೊಂದಿಷ್ಟು. 150ರ ಮೇಲೆ ಹದಿನೈದು ಅಶ್ವಶಕ್ತಿಯೂ ಕೈಗೆ ಸಿಗದು. ಕಾರು ಹಾರುವ ಮಾತು ಗ್ಯಾರೇಜಿನವರದು.

ಶಾಖದ ಲೆಕ್ಕವನ್ನು ಜನ ಬಿಟ್ಟೇಬಿಡುತ್ತಾರೆ. ಹೊರಗೆ 35 ಡಿಗ್ರಿ ಸೆಲ್ಸಿಯಸ್ ಇದ್ದು ಕಂಪ್ರೆಸರಿನ ದಕ್ಷತೆ 70 ಪ್ರತಿಶತವೆಂದು ಹಿಡಿದರೆ, ಒತ್ತಡವನ್ನು ಒಂದೂವರೆ ಪಟ್ಟು ಮಾಡಿದ ಗಾಳಿ ಸುಮಾರು 89 ಡಿಗ್ರಿಯಲ್ಲಿ ಹೊರಬರುತ್ತದೆ, 1.7 ಪಟ್ಟಿಗೆ 107; ಎರಡು ಪಟ್ಟಿಗೆ 131. ದಕ್ಷತೆ 60ಕ್ಕೆ ಕುಸಿದರೆ ಈ ಕೊನೆಯ ಅಂಕಿ 147ಕ್ಕೆ ಏರುತ್ತದೆ. ಆಕ್ಟೇವಿಯಾದ ಇಂಟರ್‌ಕೂಲರ್ ಚಿಕ್ಕದು, ಮುಂಚಕ್ರದ ಬಳಿ ಬದಿಯಲ್ಲಿ ಅಡಗಿ ಕೂತಿದೆ. ಒಂದೆರಡು ಸಲ ವೇಗ ಹೆಚ್ಚಿಸಿದಾಗ ತಣಿಸುತ್ತದೆ, ಖಂಬಾಟಕಿ ಅಥವಾ ಬೋರ್ ಘಾಟಿನಂಥ ಏರಿನಲ್ಲಿ ನಿಮಿಷಗಟ್ಟಲೆ ಬೂಸ್ಟ್ ಹಿಡಿದರೆ ತಾನೇ ಬಿಸಿಯಾಗಿ ಸೋಲುತ್ತದೆ. ಬಿಸಿ ಗಾಳಿ, ಹೆಚ್ಚಿದ ಒತ್ತಡ ಎರಡೂ ಸೇರಿದಲ್ಲಿ ನಾಕಿಂಗ್, ಅಂದರೆ ಸಿಲಿಂಡರಿನಲ್ಲಿ ಇಂಧನ ತಾನಾಗಿಯೇ ಸಿಡಿಯುವುದು, ಶುರುವಾಗುತ್ತದೆ, ಪಿಸ್ಟನ್ ಒಡೆಯುವುದು ನಾಕಿಂಗಿನಿಂದ.

ಪೆಟ್ರೋಲಿನ ವಿಷಯದಲ್ಲಿ ನೀವಿರುವ ಊರು ಅನುಕೂಲದ್ದು. ಇಂಡಿಯನ್ ಆಯಿಲ್ 2020ರ ಡಿಸೆಂಬರಿನಲ್ಲಿ 100 ಆಕ್ಟೇನಿನ (ಆಕ್ಟೇನ್ ಎಂದರೆ ನಾಕಿಂಗ್ ತಡೆಯುವ ಗುಣದ ಅಳತೆ) ಎಕ್ಸ್‌ಪಿ100 ಪೆಟ್ರೋಲನ್ನು ಮೊದಲು ತಂದ ಹತ್ತು ನಗರಗಳಲ್ಲಿ ಮುಂಬೈ, ಪುಣೆ ಎರಡೂ ಇದ್ದವು. ಆದರೆ ಅದನ್ನು ತುಂಬಿಸಿ ಹೊಂದಿಸಿದ ಕಾರಿಗೆ ಹುಬ್ಬಳ್ಳಿಯ ದಾರಿಯಲ್ಲಿ ಸಿಕ್ಕ ಬಂಕಿನ ಸಾಮಾನ್ಯ ಪೆಟ್ರೋಲ್ ಹಾಕಿದರೆ ಹೊಂದಾಣಿಕೆ ಅಲ್ಲಿಗೆ ಕೆಟ್ಟಿತು. ಆದ್ದರಿಂದ ಸಾಮಾನ್ಯವಾಗಿ ಸಿಗುವ ಪೆಟ್ರೋಲಿಗೇ ಹೊಂದಿಸಿ, ಒಳ್ಳೆಯ ಪೆಟ್ರೋಲನ್ನು ಹೆಚ್ಚುವರಿ ರಕ್ಷಣೆಯಾಗಿ ಇಟ್ಟುಕೊಳ್ಳಿ. ಈಗ ಬಂಕುಗಳಲ್ಲಿ ಸಿಗುವ ಇ20, ಅಂದರೆ 20 ಪ್ರತಿಶತ ಎಥನಾಲ್ ಬೆರೆತ ಪೆಟ್ರೋಲ್, ಆಕ್ಟೇನನ್ನು ಏರಿಸುತ್ತದೆ ನಿಜ. ಆದರೆ ಒಂದು ಪಾಲು ಇಂಧನಕ್ಕೆ 14.7 ಪಾಲು ಗಾಳಿ ಎಂಬ ಲೆಕ್ಕ 13.5ರ ಸಮೀಪಕ್ಕೆ ಇಳಿಯುವುದರಿಂದ ಅದೇ ಗಾಳಿಗೆ ಸುಮಾರು 9 ಪ್ರತಿಶತ ಹೆಚ್ಚು ಇಂಧನ ಬೇಕು. ನಿಮ್ಮ ಇಂಜೆಕ್ಟರುಗಳಲ್ಲಿ ಉಳಿದಿದ್ದ ಅವಕಾಶವನ್ನು ಇ20 ಆಗಲೇ ತಿಂದಿದೆ. ಬೂಸ್ಟಿನಿಂದ ಬರುವ ಹೆಚ್ಚುವರಿ ಗಾಳಿ ಅದರ ಮೇಲೆ ಬರುತ್ತದೆ. 2005ರ ಕಾರಿನ ಇಂಧನ ಹೋಸ್‌ಗಳು, ರಬ್ಬರ್ ರಿಂಗ್‌ಗಳು ಎಥನಾಲನ್ನು ತಡೆಯುವಂಥವೇ ಎಂದೂ ನೋಡಿಸಿಕೊಳ್ಳಿ.

ಗೋವಾ ಪ್ರವಾಸದ ಮಾತು ಬರೆದಿದ್ದೀರಿ, ಅದು ಒಳ್ಳೆಯದಾಯಿತು. ಇಸಿಯು ನಿರಪೇಕ್ಷ ಒತ್ತಡವನ್ನು ನೋಡಿ ಆಳುತ್ತದೆ. ಗುಂಡು-ಸ್ಪ್ರಿಂಗ್ ಸಾಧನವಾದರೋ ಹೊರಗಿನ ವಾತಾವರಣಕ್ಕಿಂತ ಎಷ್ಟು ಮೇಲೆ ಎಂಬುದನ್ನು ಮಾತ್ರ ಬಲ್ಲದು. ಪುಣೆ ಸಮುದ್ರಮಟ್ಟದಿಂದ ಸುಮಾರು 560 ಮೀಟರ್ ಎತ್ತರದಲ್ಲಿದೆ, ಅಲ್ಲಿನ ಗಾಳಿಯ ಒತ್ತಡ 0.95 ಬಾರ್. ಅಲ್ಲಿ 0.7ಕ್ಕೆ ಹೊಂದಿಸಿದರೆ ಎಂಜಿನ್ನಿಗೆ ಸಿಗುವುದು 1.65. ನಿಪ್ಪಾಣಿಯಿಂದ ಆಜರಾ ಹಾಯ್ದು ಅಂಬೋಲಿ ಘಾಟ್ ಇಳಿದು ಗೋವಾದ ಕಡಲಂಚಿಗೆ ಬಂದರೆ ಸ್ಕ್ರೂ ಮುಟ್ಟದೆಯೇ ಅದು 1.71 ಆಗಿರುತ್ತದೆ. ಇಸಿಯು ಸಹಿಸುವ ಅಂಚಿನಲ್ಲೇ ಪುಣೆಯಲ್ಲಿ ಹೊಂದಿಸಿದ್ದರೆ ಪಣಜಿಯಲ್ಲಿ ಲಿಂಪ್ ಮೋಡ್ ಖಂಡಿತ. ಮಹಾಬಳೇಶ್ವರದಲ್ಲಿ, 1350 ಮೀಟರ್ ಎತ್ತರದಲ್ಲಿ, ಹೊಂದಿಸಿ ಮುಂಬೈಗೆ ಇಳಿದವರ ಪಾಡು ಇನ್ನೂ ಕೆಟ್ಟದ್ದು: ವ್ಯತ್ಯಾಸ 0.15 ಬಾರ್‌ನಷ್ಟಾಗುತ್ತದೆ. ಘಟ್ಟದ ಮೇಲೆ ವಾಸಿಸಿ ಕರಾವಳಿಗೆ ಓಡಾಡುವವರು ಕರಾವಳಿಯ ಲೆಕ್ಕಕ್ಕೇ ಹೊಂದಿಸಬೇಕು. ಅಂದರೆ ಪುಣೆಯಲ್ಲಿ ಗೇಜು 0.65 ಮುಟ್ಟಿದಾಗ ಕೈ ತೆಗೆಯಬೇಕು.

ಜೋಡಣೆಗೆ ಮೊದಲು ಬೂಸ್ಟ್ ಗೇಜ್ ಹಾಕಿಸಿ, ಅದರ ಹೋಸನ್ನು ಥ್ರಾಟಲ್ ದಾಟಿದ ಮೇಲೆ ಮ್ಯಾನಿಫೋಲ್ಡಿನಿಂದ ತೆಗೆದುಕೊಳ್ಳಿ. ಗೇಜ್ ಇಲ್ಲದೆ ಸ್ಕ್ರೂ ತಿರುಗಿಸುವವರ ಕೈಗೆ ಕಾರು ಕೊಡಬೇಡಿ. ಆಕ್ಚುಯೇಟರಿಗೆ ಗೇಜ್ ಇರುವ ಕೈಪಂಪನ್ನು ಸಿಕ್ಕಿಸಿ, ಯಾವ ಒತ್ತಡಕ್ಕೆ ಸರಳು ಅಲುಗುತ್ತದೆ, ಒತ್ತಡ ನಿಲ್ಲುತ್ತದೆಯೋ ಸೋರುತ್ತದೆಯೋ ನೋಡಿ. ಪೊರೆ ಹರಿದ ಆಕ್ಚುಯೇಟರಿನ ಮೇಲೆ ಯಾವ ಕಂಟ್ರೋಲರೂ ಕೆಲಸ ಮಾಡದು. ಸರಳಿನ ನಟ್ ಬಿಗಿಮಾಡಿ ಬೂಸ್ಟ್ ಏರಿಸುವ ಹಳೆಯ ಉಪಾಯವನ್ನೂ ಇದರ ಜೊತೆ ಸೇರಿಸಬೇಡಿ.

ಜೋಡಣೆ ತಣ್ಣಗಿನ ಎಂಜಿನ್ನಿನ ಮೇಲೆ ನಡೆಯಬೇಕು. ಎರಡು ದಾರಿಗಳಿವೆ. ಎನ್ 75ನ್ನು ಹೋಸುಗಳ ಮಟ್ಟಿಗೆ ಬದಿಗೆ ಸರಿಸಿ ಕಂಪ್ರೆಸರಿನಿಂದ ಬರುವ ಹೋಸನ್ನು ಸಾಧನಕ್ಕೂ ಸಾಧನದಿಂದ ಆಕ್ಚುಯೇಟರಿಗೂ ಜೋಡಿಸುವುದು ಸರಳವಾದದ್ದು. ಆಗ ಎನ್ 75ರ ಮೂರನೆಯ ಹೋಸ್ ಟರ್ಬೊ ಮುಂದಿನ ಪೈಪಿಗೆ ಸೇರುತ್ತಿದ್ದ ಬಾಯಿಯನ್ನು ಮುಚ್ಚಬೇಕು, ಅದರ ವಿದ್ಯುತ್ ಕನೆಕ್ಟರನ್ನು ಮಾತ್ರ ಕೀಳಬಾರದು, ಕಿತ್ತರೆ ಇಸಿಯು ಬೇರೆ ದೋಷಸಂಖ್ಯೆ ಬರೆಯುತ್ತದೆ. ಎರಡನೆಯದು ಎನ್ 75ನ್ನು ಹಾಗೆಯೇ ಉಳಿಸಿ, ಟಿ ಜೋಡಣೆಗಳಿಂದ ಸಾಧನವನ್ನು ಅದಕ್ಕೆ ಸಮಾಂತರವಾಗಿ ಕೂರಿಸಿ, ಸಾಧನದಿಂದ ಬಂದ ಗಾಳಿ ಎನ್ 75ರ ಮೂಲಕ ಹಿಂದಕ್ಕೆ ಸೋರದಂತೆ ಒಂದು ಚೆಕ್ ವಾಲ್ವ್ ಇಡುವುದು. ಹೀಗೆ ಮಾಡಿದರೆ ಎರಡರಲ್ಲಿ ಯಾವುದು ಮೊದಲು ಒತ್ತಡ ಬಿಡುತ್ತದೆಯೋ ಅದೇ ವೇಸ್ಟ್‌ಗೇಟನ್ನು ತೆರೆಯುತ್ತದೆ. ಇಸಿಯು ತನ್ನ ಆಳ್ವಿಕೆ ನಡೆಸುತ್ತದೆ, ಸಾಧನ ಒತ್ತಡದ ನೆತ್ತಿಯ ಮೇಲೆ ಮುಚ್ಚಳವಾಗಿ ಕೂರುತ್ತದೆ. ರೀಮ್ಯಾಪ್ ಆದ ಕಾರಿನಲ್ಲಿ ಒತ್ತಡ ಒಮ್ಮೆಲೇ ಚಿಮ್ಮುವುದನ್ನು ತಡೆಯಲು ಇದು ನನಗೆ ಮೆಚ್ಚುಗೆಯಾದ ವಿಧಾನ.

ಯಾವುದೇ ವಿಧಾನವಾದರೂ ಬಾಣದ ಗುರುತು ಆಕ್ಚುಯೇಟರಿನತ್ತ ಇರಲಿ. ಗುಂಡು-ಸ್ಪ್ರಿಂಗ್ ಸಾಧನವನ್ನು ತಿರುಗುಮುರುಗಾಗಿ ಹಾಕಿದರೆ ಬರುವ ಒತ್ತಡವೇ ಗುಂಡನ್ನು ಬಾಯಿಗೆ ಇನ್ನಷ್ಟು ಒತ್ತಿ ಮುಚ್ಚುತ್ತದೆ, ವೇಸ್ಟ್‌ಗೇಟ್ ತೆರೆಯುವುದೇ ಇಲ್ಲ, ಬೂಸ್ಟಿಗೆ ಮೇರೆಯೇ ಇರುವುದಿಲ್ಲ. ಹೋಸ್ ಕಳಚಿಬಿದ್ದರೂ ಆಗುವುದು ಅದೇ. ಈ ವ್ಯವಸ್ಥೆಯ ಕೆಟ್ಟ ಗುಣ ಇದು: ಅದು ಕೆಟ್ಟಾಗ ಬೂಸ್ಟ್ ಇಳಿಯುವುದಿಲ್ಲ, ಏರುತ್ತದೆ. ಹಾಗಾಗಿ 4 ಮಿಲಿಮೀಟರ್ ಒಳವ್ಯಾಸದ, ದಪ್ಪ ಗೋಡೆಯ ಹೊಸ ಸಿಲಿಕೋನ್ ಹೋಸ್ ಬಳಸಿ, ಆದಷ್ಟು ಗಿಡ್ಡದಾಗಿ ಇಡಿ, ಪ್ರತಿ ತುದಿಗೂ ಕ್ಲಿಪ್ ಹಾಕಿ, ಟರ್ಬೈನ್ ಮತ್ತು ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಶಾಖದಿಂದ ದೂರ ಕಟ್ಟಿ. ಒತ್ತಡವನ್ನು ಕಂಪ್ರೆಸರಿನ ಬಾಯಿಂದಲೇ ತೆಗೆದುಕೊಳ್ಳಿ. ಬೇರೆ ಕೆಲಸಕ್ಕಿರುವ ಹೋಸಿಗೆ ಟಿ ಹಾಕಿ ಕದಿಯಬೇಡಿ.

ಹೊಂದಿಸುವಾಗ ದಿಕ್ಕು ನೆನಪಿರಲಿ: ಗುಂಡು-ಸ್ಪ್ರಿಂಗ್ ಬಗೆಯದರಲ್ಲಿ ಸ್ಕ್ರೂ ಪೂರ್ತಿ ಸಡಿಲವಿದ್ದಾಗ ಬೂಸ್ಟ್ ಅತಿ ಕಡಿಮೆ, ಬ್ಲೀಡ್ ಬಗೆಯದರಲ್ಲಿ ಕವಾಟ ಪೂರ್ತಿ ಮುಚ್ಚಿದಾಗ ಅತಿ ಕಡಿಮೆ. ಕಡಿಮೆಯಿಂದ ಆರಂಭಿಸಿ ಕಾಲು ಸುತ್ತಿನಂತೆ ಏರಿಸುತ್ತ ಹೋಗಬೇಕು. ಪರೀಕ್ಷೆಗೆ ಮೂರನೆಯ ಅಥವಾ ನಾಲ್ಕನೆಯ ಗೇರಿನಲ್ಲಿ 2500 ಆರ್‌ಪಿಎಂನಿಂದ ಪೂರ್ತಿ ಥ್ರಾಟಲ್ ಬೇಕು. ಎರಡನೆಯ ಗೇರಿನಲ್ಲಿ ಎಂಜಿನ್ನಿನ ಮೇಲೆ ಭಾರ ಬೀಳುವ ಮೊದಲೇ ಆರ್‌ಪಿಎಂ ಮುಗಿದಿರುತ್ತದೆ. ಮೂರನೆಯ ಗೇರಿನ ಕೊನೆಯಲ್ಲಿ ಕಾರು ಎಷ್ಟು ವೇಗದಲ್ಲಿರುತ್ತದೆಂದು ನಿಮಗೆ ಗೊತ್ತು. ಮುಂಬೈ–ಪುಣೆ ಎಕ್ಸ್‌ಪ್ರೆಸ್‌ವೇ ಮೇಲೆ ಕಾರುಗಳಿಗೆ ಮಿತಿ 100 ಕಿಲೋಮೀಟರ್, ಘಾಟ್ ಭಾಗದಲ್ಲಿ 60. ಈ ಕೆಲಸ ರಸ್ತೆಯದಲ್ಲ, ಕಾರಿನ ಶಕ್ತಿ ಅಳೆಯುವ ಡೈನೊ ಯಂತ್ರದ ರೋಲರುಗಳ ಮೇಲಿನದು. ಅಲ್ಲಿ ದೊಡ್ಡ ಫ್ಯಾನ್ ಇಡಿಸಿ, ವಿಸಿಡಿಎಸ್‌ನ 20ನೆಯ ಗುಂಪಿನಲ್ಲಿ ಪ್ರತಿ ಸಿಲಿಂಡರಿನ ಕಿಡಿಯನ್ನು ಇಸಿಯು ಎಷ್ಟು ಡಿಗ್ರಿ ಹಿಂದಕ್ಕೆ ಸರಿಸುತ್ತಿದೆ ನೋಡಿ. ಬಿಸಿಲಿನ ದಿನ ಮೂರು ಡಿಗ್ರಿಯವರೆಗೆ ನಾನು ಒಪ್ಪುತ್ತೇನೆ. ಒಂದೇ ಸಿಲಿಂಡರಿನಲ್ಲಿ ಆರು ಡಿಗ್ರಿ ಕಂಡರೂ ಸ್ಕ್ರೂ ಹಿಂದಕ್ಕೆ ತಿರುಗಿಸಬೇಕು. ಜೊತೆಗೆ ವೈಡ್‌ಬ್ಯಾಂಡ್ ಸಂವೇದಕದಿಂದ ಗಾಳಿ–ಇಂಧನ ಅನುಪಾತ ಅಳೆಯಿಸಿ. ಪೂರ್ತಿ ಬೂಸ್ಟಿನಲ್ಲಿ ಲ್ಯಾಂಬ್ಡಾ, ಅಂದರೆ ಅಳೆದ ಗಾಳಿ–ಇಂಧನ ಅನುಪಾತವನ್ನು ಆ ಇಂಧನದ ಆದರ್ಶ ಅನುಪಾತದಿಂದ ಭಾಗಿಸಿದ ಅಂಕಿ, 0.80ರಿಂದ 0.85ರ ನಡುವೆ ಇರಬೇಕು, ಇ20 ಆದರೂ ಈ ಅಂಕಿ ಬದಲಾಗದು. ಗೇಜಿನ ಮುಳ್ಳು ಹೊಂದಿಸಿದ ಅಂಕಿಯನ್ನು ದಾಟಿ ಚಿಮ್ಮಿ ಮತ್ತೆ ಇಳಿದರೆ ಹೋಸ್ ಉದ್ದವಾಗಿದೆ ಎಂದರ್ಥ. ಆರ್‌ಪಿಎಂ ಜೊತೆಗೆ ನಿಧಾನವಾಗಿ ಏರುತ್ತಲೇ ಹೋದರೆ ಅನಿಲದ ರಭಸಕ್ಕೆ ವೇಸ್ಟ್‌ಗೇಟಿನ ಬಾಗಿಲು ಸಾಲುತ್ತಿಲ್ಲ, ಅದಕ್ಕೆ ಸ್ಕ್ರೂನಲ್ಲಿ ಮದ್ದಿಲ್ಲ. ಎಲ್ಲ ಸರಿಹೋದ ಮೇಲೆ ಲಾಕ್‌ನಟ್ ಬಿಗಿದು ಬಣ್ಣದ ಗುರುತು ಹಾಕಿ. ಮಳೆಗಾಲಕ್ಕೆ ಮುಂಚೆ ಒಮ್ಮೆ ಬಿಚ್ಚಿ ಒರೆಸಿಡುವುದು ಒಳ್ಳೆಯದು. ಕೊಂಕಣದ ಉಪ್ಪುಗಾಳಿಗೆ ಗುಂಡು ಅಂಟಿಕೊಳ್ಳುವುದುಂಟು.

ಕಾನೂನಿನ ವಿಷಯ ಚಿಕ್ಕದು, ಆದರೆ ಗಂಭೀರ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಸೆಕ್ಷನ್ ತಯಾರಕರ ಮೂಲ ವಿವರಗಳಿಂದ ದೂರ ಸರಿಯುವ ಮಾರ್ಪಾಡುಗಳನ್ನು ತಡೆಯುತ್ತದೆ. 2019ರ ತಿದ್ದುಪಡಿಯಲ್ಲಿ ಸೇರಿದ 182ಎ ಸೆಕ್ಷನ್ ಪ್ರಕಾರ ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ ಮಾಲೀಕರಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆ, ಅಥವಾ ಎರಡೂ ವಿಧಿಸಬಹುದು. ನಿಮ್ಮ ಕಾರು 15 ವರ್ಷ ದಾಟಿರುವುದರಿಂದ ಐದೈದು ವರ್ಷಕ್ಕೊಮ್ಮೆ ನೋಂದಣಿ ನವೀಕರಣಕ್ಕೆ ಆರ್‌ಟಿಒ ಮುಂದೆ ನಿಲ್ಲಬೇಕಾಗುತ್ತದೆ. ವಿಮೆಯವರಿಗೆ ತಿಳಿಸದ ಮಾರ್ಪಾಡು ಅಪಘಾತದ ಬಳಿಕ ಅವರ ಕೈಗೆ ಸಿಗುವ ಮೊದಲ ಆಕ್ಷೇಪಣೆ. ಖಾಸಗಿ ಟ್ರ್ಯಾಕಿನಲ್ಲಿ ಮಾತ್ರ ಓಡುವ ಕಾರಿಗೆ ಇವು ಅನ್ವಯಿಸವು, ನಿಮ್ಮದು ದಿನಬಳಕೆಯ ಕಾರು.

ಇಷ್ಟೆಲ್ಲ ತಿಳಿದ ಮೇಲೂ ನನ್ನನ್ನು ಕೇಳಿದರೆ, ಸೋರಿಕೆ ಸರಿಪಡಿಸಿ, ಡೈವರ್ಟರ್ ವಾಲ್ವ್, ಪ್ಲಗ್, ಸಣ್ಣ ಹೋಸುಗಳನ್ನು ಹೊಸದಾಗಿಸಿ ನಿಲ್ಲಿಸಿರೆಂದು ಹೇಳುತ್ತೇನೆ. ಅದೂ ಸಾಲದೆನಿಸಿದರೆ ಆ ಹಣವನ್ನು ಒಳ್ಳೆಯ ರೀಮ್ಯಾಪಿಗೆ ಕೂಡಿಸುವುದು ಮೇಲು, ಏಕೆಂದರೆ ಅದು ಬೂಸ್ಟ್, ಇಂಧನ, ಕಿಡಿ ಮೂರನ್ನೂ ಒಟ್ಟಿಗೆ ನೋಡುತ್ತದೆ. ಆದರೆ ಕಾನೂನಿನ ದೃಷ್ಟಿಯಲ್ಲಿ ಅದೂ ಮಾರ್ಪಾಡೇ.

ತಮ್ಮನವರ ಸ್ವಿಫ್ಟ್ ಡೀಸೆಲ್‌ಗೆ ಇದನ್ನು ಹಾಕಬೇಡಿ. ಅದರ 75 ಅಶ್ವಶಕ್ತಿಯ 1.3 ಎಂಜಿನ್ನಿನ ಟರ್ಬೊದಲ್ಲಿ ಸಾಮಾನ್ಯ ವೇಸ್ಟ್‌ಗೇಟೇ ಇರುವುದರಿಂದ ಹೋಸಿನ ನಡುವೆ ಸಾಧನ ಕೂರುತ್ತದೆ, ಆದರೆ ಡೀಸೆಲ್ ಎಂಜಿನ್ನಿನಲ್ಲಿ ಶಕ್ತಿಯನ್ನು ನಿರ್ಧರಿಸುವುದು ಇಸಿಯು ಚಿಮುಕಿಸುವ ಡೀಸೆಲಿನ ಪ್ರಮಾಣವೇ ಹೊರತು ಗಾಳಿಯಲ್ಲ; ಡೀಸೆಲ್ ಹೆಚ್ಚಿಸದೆ ಗಾಳಿ ಮಾತ್ರ ಹೆಚ್ಚಿಸಿದರೆ ಟರ್ಬೊ ಸವೆಯುತ್ತದೆ, ಎಳೆತ ಇದ್ದಲ್ಲೇ ಇರುತ್ತದೆ. ಈಗಿನ ಫೋಕ್ಸ್‌ವ್ಯಾಗನ್, ಸ್ಕೋಡಾ ಕಾರುಗಳ 1.0 ಟಿಎಸ್‌ಐನಂಥ ಪೆಟ್ರೋಲ್ ಎಂಜಿನ್ನುಗಳಲ್ಲಂತೂ ವೇಸ್ಟ್‌ಗೇಟನ್ನು ವಿದ್ಯುತ್ ಮೋಟಾರೇ ನಡೆಸುತ್ತದೆ. ಸಾಧನ ಸಿಕ್ಕಿಸಲು ಅಲ್ಲಿ ಹೋಸೇ ಇಲ್ಲ.